ಡಬ್ಲ್ಯುಆರ್‌ಎಕ್ಸ್‌ಗೆ ಯಾವ ಕ್ಲಚ್? ದಿನಾ ಆಫೀಸಿಗೂ ಅದರಲ್ಲೇ ಹೋಗುವವರಿಗೆ ಒಂದು ಹೋಲಿಕೆ

ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿನ ಎಂಜಿನ್ ಟ್ಯೂನ್ ಮಾಡಿಸಿ ಶಕ್ತಿ ಹೆಚ್ಚಿಸಿದ ಮೇಲೆ ಮೊದಲು ಕೈಕೊಡುವುದು ಸಾಮಾನ್ಯವಾಗಿ ಕ್ಲಚ್ಚೇ. ನಾಲ್ಕನೇ ಗೇರಿನಲ್ಲಿ, 3,000 ಆರ್‌ಪಿಎಂ ಆಸುಪಾಸಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಟ್ಯಾಕೋಮೀಟರ್ ಮುಳ್ಳು ಸರ್ರನೆ ಏರುತ್ತದೆ, ಗಾಡಿ ಮಾತ್ರ ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಎರಡು ಸಲ ಹೀಗಾದರೆ ಸುಟ್ಟ ವಾಸನೆ ಒಳಗೇ ಬರುತ್ತದೆ. ಅಲ್ಲಿಂದ ಹುಡುಕಾಟ ಶುರುವಾಗಿ ನೇರವಾಗಿ ‘ಸ್ಟೇಜ್ 2’, ‘ಸ್ಟೇಜ್ 3’ ಕಿಟ್‌ಗಳ ಪುಟಕ್ಕೆ ಬಂದು ನಿಲ್ಲುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಮಾಲು ಒಳ್ಳೆಯದು ಅನ್ನುವ ನಂಬಿಕೆ ಅಲ್ಲಿ ಕೆಲಸ ಮಾಡುತ್ತದೆ, ದುಡ್ಡು ಹಾಳಾಗುವುದೂ ಅಲ್ಲೇ.

ಇಲ್ಲಿ ಹೇಳುವುದು 2002ರಿಂದ 2014ರವರೆಗಿನ, ಇಜೆ ಸರಣಿಯ ಎಂಜಿನ್ ಮತ್ತು 5 ಗೇರಿನ ಮ್ಯಾನುಯಲ್ ಇರುವ ಅಮೆರಿಕದ ಡಬ್ಲ್ಯುಆರ್‌ಎಕ್ಸ್ ಬಗ್ಗೆ. ಫ್ರೀಮಾಂಟ್, ಸನ್ನಿವೇಲ್ ಕಡೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಓಡಿಸುವ ನಮ್ಮವರಿಗೆ ಇದು ನೇರವಾಗಿ ಅನ್ವಯಿಸುತ್ತದೆ. ಭಾರತದಲ್ಲಿ ಸುಬಾರು ಮಾರುವುದಿಲ್ಲ. ಆದರೂ ಬೆಂಗಳೂರಿನಲ್ಲಿ ರೀಮ್ಯಾಪ್ ಮಾಡಿಸಿದ ಯಾವುದೇ ಟರ್ಬೊ ಮ್ಯಾನುಯಲ್ ಇಟ್ಟುಕೊಂಡವರಿಗೆ ಕ್ಲಚ್ ಪ್ಲೇಟಿನ ವಿಷಯವೆಲ್ಲ ಹಾಗೆಯೇ ಹೊಂದುತ್ತದೆ.

ಮೊದಲು, ನಿಜಕ್ಕೂ ಶಕ್ತಿ ಸಾಲದೆ ಜಾರುತ್ತಿದೆಯೇ?

ಕ್ಲಚ್ ಜಾರಿತು ಅಂದ ಮಾತ್ರಕ್ಕೆ ಅದರ ಶಕ್ತಿ ಸಾಲದು ಅಂತಲ್ಲ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿದ್ದರೂ ಜಾರುತ್ತದೆ. ಪೆಡಲ್ಲಿಗೆ ಫ್ರೀ ಪ್ಲೇ ಇಲ್ಲದಿದ್ದರೂ ಜಾರುತ್ತದೆ: ಮಾಸ್ಟರ್ ಸಿಲಿಂಡರಿನ ಪುಶ್‌ರಾಡ್ ಬಿಗಿಯಾಗಿ ನಿಂತು, ಕಾಲು ತೆಗೆದ ಮೇಲೂ ಲೈನಿನಲ್ಲಿ ಒತ್ತಡ ಉಳಿದುಬಿಡುತ್ತದೆ. ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇದ್ದು, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ) ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಪೂರ್ತಿ ಅದುಮುವುದೇ ಇಲ್ಲ. ಪೆಡಲ್ಲನ್ನು ಬೆರಳಿನಿಂದ ಒತ್ತಿ ನೋಡಿ. ಮೇಲ್ತುದಿಯಲ್ಲಿ ಕೆಲವು ಮಿಲಿಮೀಟರ್ ಸಡಿಲ ಆಡಬೇಕು. ಆಡದಿದ್ದರೆ ಮೊದಲು ಪುಶ್‌ರಾಡ್ ಸರಿಮಾಡಿ. ಐದು ನಿಮಿಷದ ಕೆಲಸ, ಖರ್ಚಿಲ್ಲ. ಹಾಗೆಯೇ 1,50,000 ಕಿ.ಮೀ. ಓಡಿದ ಹಳೆಯ ಪ್ಲೇಟ್ ಸವೆದು ಜಾರುತ್ತಿದ್ದರೆ, ಅದನ್ನು ಕಂಪನಿ ಕ್ಲಚ್ಚಿನ ದೌರ್ಬಲ್ಯ ಅನ್ನುವುದು ತಪ್ಪು. ಅದರ ಆಯಸ್ಸು ಮುಗಿದಿದೆ, ಅಷ್ಟೇ.

ಹಿಡಿತದ ಲೆಕ್ಕ

ಒಂದು ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಅನ್ನುವುದು ನಾಲ್ಕು ಸಂಖ್ಯೆಗಳ ಗುಣಾಕಾರ: ಉಜ್ಜುವ ಮುಖಗಳು ಎಷ್ಟು, ಲೈನಿಂಗಿನ (ಪ್ಲೇಟಿನ ಮೇಲಿನ ಉಜ್ಜುವ ಪದರದ) ಘರ್ಷಣಾಂಕ ಎಷ್ಟು, ಪ್ರೆಶರ್ ಪ್ಲೇಟ್ ಅದುಮುವ ಬಲ ಎಷ್ಟು, ಲೈನಿಂಗಿನ ಸರಾಸರಿ ತ್ರಿಜ್ಯ ಎಷ್ಟು. ಡಬ್ಲ್ಯುಆರ್‌ಎಕ್ಸ್ ಪ್ಲೇಟಿನ ಹೊರವ್ಯಾಸ 230 ಮಿ.ಮೀ. ಒಳವ್ಯಾಸ 150 ಮಿ.ಮೀ. ಅಂತ ಇಟ್ಟುಕೊಂಡರೆ ಸರಾಸರಿ ತ್ರಿಜ್ಯ 95 ಮಿ.ಮೀ. ಒಂದೇ ಪ್ಲೇಟಿಗೆ ಎರಡು ಮುಖ. ಆರ್ಗ್ಯಾನಿಕ್ (ನಾರು, ರಾಳ ಸೇರಿಸಿ ಮಾಡಿದ) ಲೈನಿಂಗಿನ ಘರ್ಷಣಾಂಕ ಸುಮಾರು 0.3. ಇಷ್ಟರಲ್ಲಿ 450 ನ್ಯೂಟನ್ ಮೀಟರ್ ಹಿಡಿಯಬೇಕಾದರೆ ಪ್ರೆಶರ್ ಪ್ಲೇಟ್ ಸುಮಾರು 7,900 ನ್ಯೂಟನ್ ಬಲದಿಂದ, ಅಂದರೆ ಹತ್ತಿರ ಹತ್ತಿರ 800 ಕಿಲೋ ಭಾರದಷ್ಟು ಅದುಮಬೇಕು. ಅದೇ ಬಲ ಇಟ್ಟುಕೊಂಡು ಲೈನಿಂಗನ್ನು 0.45 ಘರ್ಷಣಾಂಕದ ಸೆರಾಮಿಕ್‌ಗೆ ಬದಲಿಸಿದರೆ ಹಿಡಿತ 675ಕ್ಕೆ ಏರುತ್ತದೆ. ಲೈನಿಂಗ್ ಬದಲಿಸದೆ ಎರಡು ಪ್ಲೇಟ್ ಹಾಕಿದರೆ 900.

ಮಾರುಕಟ್ಟೆಯ ಕಿಟ್‌ಗಳೆಲ್ಲ ಈ ನಾಲ್ಕರಲ್ಲಿ ಯಾವುದೋ ಒಂದನ್ನೋ ಎರಡನ್ನೋ ಹಿಗ್ಗಿಸಿದಂಥವು. ಬಲ ಹೆಚ್ಚಿಸಿದರೆ ಎಡಗಾಲು ತೆರಬೇಕು. ಘರ್ಷಣಾಂಕ ಹೆಚ್ಚಿಸಿದರೆ ನಯವಾಗಿ ಹೊರಡುವ ಗುಣ ಹೋಗುತ್ತದೆ. ಮುಖಗಳನ್ನು ಹೆಚ್ಚಿಸಿದರೆ ಜೇಬು ಬರಿದಾಗುತ್ತದೆ. ತ್ರಿಜ್ಯ ಹೆಚ್ಚಿಸಲು ಕ್ಲಚ್ ಕೂರುವ ಬೆಲ್ ಹೌಸಿಂಗಿನಲ್ಲಿ ಜಾಗವಿಲ್ಲ.

ನಿಮ್ಮ ಎಂಜಿನ್ ಎಷ್ಟು ಕೊಡುತ್ತಿದೆ? 2002–05ರ 2 ಲೀಟರ್ ಗಾಡಿಗೆ ಕಂಪನಿ ಲೆಕ್ಕ 227 ಅಶ್ವಶಕ್ತಿ, 294 ನ್ಯೂಟನ್ ಮೀಟರ್. 2009–14ರ 2.5 ಲೀಟರಿಗೆ 265 ಅಶ್ವಶಕ್ತಿ, 331 ನ್ಯೂಟನ್ ಮೀಟರ್. ಟ್ಯೂನ್ ಮತ್ತು ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಬರುವ ಕೊಳವೆ) ಸೇರಿ ಕಾಲುಭಾಗ ಹೆಚ್ಚಿತು ಅಂತಿಟ್ಟರೆ 2.5 ಲೀಟರ್ ಗಾಡಿ 415ರ ಹತ್ತಿರ ಬರುತ್ತದೆ. ಅದರ ಮೇಲೆ ಶೇ. 15–20ರಷ್ಟು ಮೀಸಲು ಇಟ್ಟು, 480–500 ಹಿಡಿಯುವ ಕ್ಲಚ್ ಹುಡುಕಿ. 800 ಹಿಡಿಯುವುದನ್ನು ತಂದರೆ ಆ ಉಳಿದ 300 ಎಂದೂ ಉಪಯೋಗಕ್ಕೆ ಬರುವುದಿಲ್ಲ, ಅದರ ಕಿರಿಕಿರಿ ಮಾತ್ರ ದಿನಾ ಬೆಳಿಗ್ಗೆ ಸಿಗುತ್ತದೆ.

‘ಸ್ಟೇಜ್’ ಸಂಖ್ಯೆಗೆ ಯಾವ ಮಾನದಂಡವೂ ಇಲ್ಲ. ಎಕ್ಸೆಡಿ ಕಂಪನಿಯಲ್ಲಿ ಸ್ಟೇಜ್ 1 ಅಂದರೆ ಗಟ್ಟಿ ಪ್ರೆಶರ್ ಪ್ಲೇಟ್ ಜೊತೆ ಆರ್ಗ್ಯಾನಿಕ್ ಲೈನಿಂಗ್. ಸ್ಟೇಜ್ 2 ಅಂದರೆ ಸೀದಾ ಸೆರಾಮಿಕ್ ಗುಂಡಿಗಳು. ಇನ್ನೊಂದು ಕಂಪನಿಯ ಸ್ಟೇಜ್ 2 ಕೆವ್ಲರ್ ನಾರಿನದಾಗಿರಬಹುದು. ಎಸಿಟಿ ಕಂಪನಿ ಈ ಸಂಖ್ಯೆಗಳ ಗೋಜಿಗೇ ಹೋಗದೆ ಹೆವಿ ಡ್ಯೂಟಿ, ಎಕ್ಸ್‌ಟ್ರೀಮ್ ಎಂದು ಪ್ರೆಶರ್ ಪ್ಲೇಟಿಗೆ ಒಂದು ಹೆಸರು, ಸ್ಟ್ರೀಟ್, ರೇಸ್ ಎಂದು ಡಿಸ್ಕಿಗೆ ಇನ್ನೊಂದು ಹೆಸರು ಕೊಡುತ್ತದೆ. ಇದು ಹೆಚ್ಚು ಪ್ರಾಮಾಣಿಕ ಪದ್ಧತಿ. ಅಂಗಡಿಯವರನ್ನು ಕೇಳಬೇಕಾದ್ದು ಮೂರೇ: ಲೈನಿಂಗ್ ಯಾವುದು, ಪ್ಲೇಟಿನ ನಡುವಿನ ಹಬ್ಬಿನಲ್ಲಿ ಸ್ಪ್ರಿಂಗ್ ಇದೆಯೇ, ಟಾರ್ಕ್ ಎಷ್ಟು ಹಿಡಿಯುತ್ತದೆ.

ಪ್ಲೇಟುಗಳು, ಒಂದೊಂದಾಗಿ

ಹೊಸ ಕಂಪನಿ ಕ್ಲಚ್ಚನ್ನು ಯಾರೂ ಆಯ್ಕೆಯ ಪಟ್ಟಿಗೇ ಸೇರಿಸುವುದಿಲ್ಲ, ಸೇರಿಸಬೇಕು. ಗಾಡಿ ಸ್ಟಾಕ್ ಆಗಿದ್ದರೆ (ಏನೂ ಬದಲಿಸದೆ ಇದ್ದರೆ), ಅಥವಾ ಬರೀ ಸಣ್ಣ ಟ್ಯೂನ್ ಇದ್ದು ಲಾಂಚ್ ಮಾಡುವ, ಅಂದರೆ ನಿಂತಲ್ಲಿಂದ ಎಂಜಿನ್ ಏರಿಸಿ ಕ್ಲಚ್ ಬಿಟ್ಟು ಜೋರಾಗಿ ಹೊರಡುವ, ಚಟ ಇಲ್ಲದಿದ್ದರೆ, ಇದಕ್ಕಿಂತ ಮೆತ್ತಗಿನ ಪೆಡಲ್ ಬೇರೆ ಯಾವುದರಲ್ಲೂ ಸಿಗದು.

ಗಟ್ಟಿ ಪ್ರೆಶರ್ ಪ್ಲೇಟ್ ಇರುವ ಆರ್ಗ್ಯಾನಿಕ್ ಕ್ಲಚ್ಚನ್ನು ಹೆಚ್ಚಿನವರಿಗೆ ನಾವು ಹೇಳುವುದು. ಲೈನಿಂಗ್ ಹಳೆಯದೇ ಜಾತಿಯದು, ಅದುಮುವ ಬಲ ಮಾತ್ರ ಹೆಚ್ಚು. ಎರಡು ಲೈನಿಂಗಿನ ನಡುವೆ ಅಲೆಯಂತೆ ಬಾಗಿಸಿದ ತೆಳು ಉಕ್ಕಿನ ಪಟ್ಟಿಗಳಿರುತ್ತವೆ. ಇವು ಮೆಲ್ಲಗೆ ಚಪ್ಪಟೆಯಾಗುತ್ತ ಹೋಗುವುದರಿಂದಲೇ ಕ್ಲಚ್ ‘ಹಂತ ಹಂತವಾಗಿ ಕಚ್ಚುತ್ತದೆ’ ಅನ್ನಿಸುವುದು. ಪೆಡಲ್ ಮೊದಲ ವಾರ ಭಾರ ಅನ್ನಿಸಿ ಆಮೇಲೆ ಮರೆತುಹೋಗುತ್ತದೆ. ದೌರ್ಬಲ್ಯ ಅಂದರೆ ಶಾಖ. 250–300 ಡಿಗ್ರಿ ದಾಟಿದರೆ ಅಂಟು ಬಿಡಲು ಶುರು, ಹಿಡಿತ ಇಳಿಯುತ್ತದೆ, ವಾಸನೆ ಬರುತ್ತದೆ. ತಣ್ಣಗಾಗಲು ಬಿಟ್ಟರೆ ಬಹುಪಾಲು ಚೇತರಿಸಿಕೊಳ್ಳುತ್ತದೆ.

ಕೆವ್ಲರ್ ಬಗ್ಗೆ ಎರಡು ಮನಸ್ಸು. ಚೆನ್ನಾಗಿ ಪಳಗಿದರೆ ಆರ್ಗ್ಯಾನಿಕ್‌ಗಿಂತ ನಯ, ಆಯಸ್ಸೂ ಜಾಸ್ತಿ. ಆದರೆ ಪಳಗಿಸಲು ತಾಳ್ಮೆ ಬೇಕು: ಹಲವರು 1,500 ಕಿ.ಮೀ.ಗೂ ಮೊದಲೇ ಪೂರ್ತಿ ಬೂಸ್ಟ್ (ಟರ್ಬೊದ ಒತ್ತಡ) ಕೊಟ್ಟು ಕೆಡಿಸಿಕೊಳ್ಳುತ್ತಾರೆ. ಒಮ್ಮೆ ಅತಿಯಾಗಿ ಕಾದು ಮೇಲ್ಮೈ ಗಾಜಿನಂತೆ ನುಣ್ಣಗಾದರೆ ಆರ್ಗ್ಯಾನಿಕ್‌ನ ಹಾಗೆ ಚೇತರಿಸಿಕೊಳ್ಳುವುದಿಲ್ಲ. ಹಳೆಯ ಲೈನಿಂಗಿನ ಪುಡಿ ಫ್ಲೈವೀಲ್ ಮೇಲೆ ಉಳಿದಿದ್ದರೂ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಫ್ಲೈವೀಲನ್ನು ಹೊಸದಾಗಿ ಗ್ರೈಂಡ್ ಮಾಡಿಸಿಯೇ ಹಾಕಬೇಕು. ಟ್ರಾಫಿಕ್ಕಿನಲ್ಲೇ ಹೆಚ್ಚು ಓಡಿಸುವ, ಟ್ರ್ಯಾಕಿಗೆ ಹೋಗದ ನಿಧಾನಿಗಳಿಗೆ ಸರಿ.

ಸೆರಾಮಿಕ್ ಗುಂಡಿಗಳ ಪ್ಲೇಟನ್ನು, ಅಂದರೆ 6 ಪಕ್ ಅನ್ನುವುದನ್ನು, ಸ್ವಲ್ಪ ಬಿಡಿಸಿ ಹೇಳಬೇಕು. ಅತಿ ಹೆಚ್ಚು ಜನ ಕೊಂಡು ಪಶ್ಚಾತ್ತಾಪ ಪಡುವುದು ಇದನ್ನೇ. ತಾಮ್ರ, ಕಬ್ಬಿಣದಂಥ ಲೋಹದ ಪುಡಿಯ ಜೊತೆ ಸೆರಾಮಿಕ್ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ಗುಂಡಿಗಳಿವು. 500 ಡಿಗ್ರಿಗೂ ಹೆದರುವುದಿಲ್ಲ. ಆದರೆ ಇಂಥ ಪ್ಲೇಟುಗಳಲ್ಲಿ ಆ ಅಲೆಪಟ್ಟಿಯ ಮೆತ್ತೆ ಸಾಮಾನ್ಯವಾಗಿ ಇರುವುದಿಲ್ಲ. ಪೆಡಲ್ಲಿನ ಒಂದೆರಡು ಸೆಂಟಿಮೀಟರಿನಲ್ಲೇ ಪೂರ್ತಿ ಕಚ್ಚುತ್ತದೆ. ಜೊತೆಗೆ, ಜಾರುವ ವೇಗ ಕಡಿಮೆಯಾಗುತ್ತ ಬಂದಂತೆ ಈ ಲೈನಿಂಗಿನ ಘರ್ಷಣೆ ಏರುತ್ತದೆ. ಹಾಗಾಗಿ ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿಗೆ ಹಲವು ಸಲ. ಹೊರಡುವಾಗ ಡ್ಯಾಶ್‌ಬೋರ್ಡ್ ಸಮೇತ ಗಾಡಿ ಗಡಗಡ ನಡುಗುವುದು ಇದರಿಂದ. ಫಿಟಿಂಗ್ ತಪ್ಪಾಗಿದೆ ಅಂತ ಗಾಡಿಯನ್ನು ಮತ್ತೆ ಗ್ಯಾರೇಜಿಗೆ ತರುವವರು ಬಹಳ. ತಪ್ಪು ಫಿಟಿಂಗಿನದಲ್ಲ, ವಸ್ತುವಿನ ಗುಣವೇ ಅದು. ನಡುಕ ತಪ್ಪಿಸಲು ಹಾಫ್ ಕ್ಲಚ್ಚಿನಲ್ಲಿ ಹೆಚ್ಚು ಹೊತ್ತು ಹಿಡಿದರೆ ಫ್ಲೈವೀಲ್ ಮೇಲೆ ನೀಲಿ ಕಲೆಗಳು ಮೂಡುತ್ತವೆ, ಆ ಜಾಗ ಗಡುಸಾಗಿ ನಡುಕ ಇನ್ನೂ ಜಾಸ್ತಿ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಾ ಕಡಿದಾದ ಏರು ರಸ್ತೆಗಳಿವೆ. ಅಲ್ಲಿ ಸ್ಟಾಪ್ ಬೋರ್ಡಿಗೆ ನಿಂತು ಸೆರಾಮಿಕ್ ಕ್ಲಚ್ಚಿನಲ್ಲಿ ಮತ್ತೆ ಹೊರಡುವುದನ್ನು ಊಹಿಸಿಕೊಳ್ಳಿ. ನಿಮ್ಮೂರಲ್ಲಿ ಏರು ಇಲ್ಲದಿದ್ದರೆ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪಿಗೆ ರಿವರ್ಸಿನಲ್ಲಿ ಹತ್ತುವುದನ್ನು. ಟ್ರ್ಯಾಕಿಗೂ ರ‍್ಯಾಲಿಗೂ ಇದು ಒಳ್ಳೆಯ ವಸ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿಗೂ ಇಂಟರ್‌ಸ್ಟೇಟ್ 880ರ ಸಂಜೆಗೂ ಅಲ್ಲ. ಹಾಕಲೇಬೇಕು ಅಂದರೆ ಹಬ್ಬಿನಲ್ಲಿ ಸ್ಪ್ರಿಂಗ್ ಇರುವುದನ್ನೇ ಆರಿಸಿ. ಸ್ಪ್ರಿಂಗ್ ಇಲ್ಲದ ಗಟ್ಟಿ ಹಬ್ ಪ್ರತಿ ಹೊಡೆತವನ್ನೂ ನೇರ ಗೇರಿನ ಹಲ್ಲಿಗೆ ದಾಟಿಸುತ್ತದೆ.

ಟ್ವಿನ್ ಡಿಸ್ಕಿನ ಜಾಣತನ ಮೇಲಿನ ಲೆಕ್ಕದಲ್ಲೇ ಕಾಣುತ್ತದೆ. ನಾಲ್ಕು ಮುಖ ಇರುವುದರಿಂದ ಪ್ರೆಶರ್ ಪ್ಲೇಟ್ ರಾಕ್ಷಸನಂತೆ ಅದುಮಬೇಕಿಲ್ಲ. ಆರ್ಗ್ಯಾನಿಕ್ ಲೈನಿಂಗಿನಲ್ಲೇ ದೊಡ್ಡ ಟಾರ್ಕ್ ಹಿಡಿದು, ಪೆಡಲ್ಲನ್ನೂ ಹಗುರ ಇಡಬಹುದು. ಆದರೆ ಒಂದು ಟ್ವಿನ್ ಕಿಟ್ಟಿನ ದುಡ್ಡಿಗೆ ಮೂರ್ನಾಲ್ಕು ಆರ್ಗ್ಯಾನಿಕ್ ಕಿಟ್ ಬರುತ್ತವೆ. ನ್ಯೂಟ್ರಲ್‌ನಲ್ಲಿ ಪೆಡಲ್ ತುಳಿದಾಗ ನಡುವಿನ ತಟ್ಟೆ ಪಾತ್ರೆ ಅಲುಗಿದಂತೆ ಸದ್ದು ಮಾಡುತ್ತದೆ. ಎರಡೂ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳಲು ಹೈಡ್ರಾಲಿಕ್ಸ್ ಚೂರೂ ಸೋರದಂತೆ ಇರಬೇಕು. ಇಲ್ಲದಿದ್ದರೆ ಮೊದಲನೇ ಗೇರ್, ರಿವರ್ಸ್ ಕರಕರ ಅನ್ನುತ್ತವೆ. 5 ಗೇರಿನ ಡಬ್ಲ್ಯುಆರ್‌ಎಕ್ಸ್‌ಗೆ ಇದು ಬೇಡ ಅನ್ನಲು ಇನ್ನೊಂದು ಕಾರಣವಿದೆ, ಮುಂದೆ ಬರುತ್ತದೆ.

ಫ್ಲೈವೀಲ್

2006ರ ನಂತರದ 2.5 ಲೀಟರ್ ಗಾಡಿಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ ಇದೆ: ಎರಡು ತುಂಡು, ನಡುವೆ ಸ್ಪ್ರಿಂಗ್. ಇದನ್ನು ಮಾಮೂಲಿ ಫ್ಲೈವೀಲಿನ ಹಾಗೆ ಲೇತಿಗೆ ಕಟ್ಟಿ ಉಜ್ಜಿಸಬಾರದು. ಹೆಚ್ಚಿನ ಅಪ್‌ಗ್ರೇಡ್ ಕಿಟ್‌ಗಳು ಸಿಂಗಲ್ ಮಾಸ್ ಫ್ಲೈವೀಲಿಗೆ ಬದಲಿಸಿಕೊಂಡೇ ಹಾಕುವಂಥವು. ಆರ್ಡರ್ ಮಾಡುವ ಮೊದಲು ಅದು ಕಿಟ್ಟಿನಲ್ಲಿ ಸೇರಿದೆಯೇ ನೋಡಿ. ಬದಲಿಸಿದ ಮೇಲೆ ಐಡಲ್‌ನಲ್ಲಿ ಗೇರ್‌ಬಾಕ್ಸಿನಿಂದ ಡಬ್ಬಿಯಲ್ಲಿ ಗೋಲಿ ಆಡಿಸಿದಂಥ ಸದ್ದು ಬರುತ್ತದೆ, ಪೆಡಲ್ ತುಳಿದರೆ ನಿಲ್ಲುತ್ತದೆ. ಅದು ರೋಗವಲ್ಲ. ಎಂಜಿನ್ನಿನ ಮಿಡಿತವನ್ನು ಮೊದಲು ನುಂಗುತ್ತಿದ್ದ ಸ್ಪ್ರಿಂಗ್ ಈಗ ಇಲ್ಲ.

ತೀರಾ ಹಗುರ ಫ್ಲೈವೀಲಿನ ಆಸೆ ಬೇಡ. ಗಾಡಿ ಹೊರಡುವಾಗ ಎಂಜಿನ್ ಆಫ್ ಆಗುತ್ತದೆ, ಕ್ಲಚ್ಚನ್ನು ಹೆಚ್ಚು ಜಾರಿಸಬೇಕಾಗುತ್ತದೆ, ಅಂದರೆ ಕಷ್ಟಪಟ್ಟು ಕೊಂಡ ಪ್ಲೇಟ್ ಬೇಗ ಸವೆಯುತ್ತದೆ. ಇಜೆ ಎಂಜಿನ್ನಿನಲ್ಲಿ ಇನ್ನೊಂದು ತೊಂದರೆಯಿದೆ: ಕ್ರ್ಯಾಂಕಿನ ವೇಗದ ಏರಿಳಿತ ನೋಡಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಪತ್ತೆಹಚ್ಚುವ ಎಂಜಿನ್ನಿನ ಕಂಪ್ಯೂಟರ್ ಇಸಿಯು, ಹಗುರ ಫ್ಲೈವೀಲಿನ ಏರಿಳಿತವನ್ನೇ ಮಿಸ್‌ಫೈರ್ ಅಂದುಕೊಂಡು ಪಿ0301ರಿಂದ ಪಿ0304ರವರೆಗಿನ ಕೋಡ್ ಹಾಕಿ ಚೆಕ್ ಎಂಜಿನ್ ದೀಪ ಹೊತ್ತಿಸಬಹುದು. ಕ್ಯಾಲಿಫೋರ್ನಿಯಾದ ಸ್ಮಾಗ್ (ಹೊಗೆ) ಪರೀಕ್ಷೆಗೆ ಈ ದೀಪ ಹೊತ್ತಿಕೊಂಡು ಹೋದರೆ ಫೇಲ್.

ಗಟ್ಟಿ ಕ್ಲಚ್ ಹಾಕಿದ ಮೇಲೆ ಹೊಡೆತ ಯಾರಿಗೆ?

ಕ್ಲಚ್ ಅಂದರೆ ಒಂದು ಲೆಕ್ಕದಲ್ಲಿ ಮನೆಯ ಫ್ಯೂಸ್. ಎಲ್ಲಕ್ಕಿಂತ ಮೊದಲು ಜಾರಿ, ಉಳಿದದ್ದನ್ನು ಕಾಪಾಡುತ್ತದೆ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಸುಡುವುದು ಮುಂದಿನದು. ಹಿಂದಿನ ಎರಡೇ ಚಕ್ರ ಓಡುವ ಸ್ಪೋರ್ಟ್ಸ್ ಕಾರಿನಲ್ಲಿ ಲಾಂಚ್ ಮಾಡಿದರೆ ಟಯರ್ ಜಾರಿ ಹೊಡೆತ ಕಡಿಮೆಯಾಗುತ್ತದೆ. ಡಬ್ಲ್ಯುಆರ್‌ಎಕ್ಸ್‌ನಲ್ಲಿ ಎಂಜಿನ್ ನಾಲ್ಕೂ ಚಕ್ರ ಓಡಿಸಿ, ನಾಲ್ಕೂ ಟಯರ್ ನೆಲ ಕಚ್ಚಿ ನಿಲ್ಲುವುದರಿಂದ ಜಾರುವ ಅವಕಾಶ ಇರುವುದು ಕ್ಲಚ್ಚಿಗೆ ಮಾತ್ರ. ಅದೂ ಜಾರದಿದ್ದರೆ ಗೇರಿನ ಹಲ್ಲು ಹೋಗುತ್ತದೆ. ಈ 5 ಗೇರಿನ ಬಾಕ್ಸಿನ ದುರ್ಬಲ ಜಾಗ ಅಂತ ಹೆಸರಾದದ್ದು ಮೂರನೇ ಗೇರ್. ಟ್ವಿನ್ ಡಿಸ್ಕ್ ಬೇಡ ಅಂದದ್ದು ಇದಕ್ಕೆ: ಆ ಕ್ಲಚ್ ಬೇಕಾಗುವಷ್ಟು ಟಾರ್ಕ್ ಇದ್ದರೆ ಮೊದಲು ಬೇಕಾದದ್ದು ಇದೇ ಗಾಡಿಯ ಹೆಚ್ಚು ಶಕ್ತಿಯ ರೂಪವಾದ ಎಸ್‌ಟಿಐನ 6 ಗೇರಿನ ಬಾಕ್ಸ್, ಅದರ ಜೊತೆ 240 ಮಿ.ಮೀ. ಕ್ಲಚ್ಚೇ ಬರುತ್ತದೆ. ಆ ಬಾಕ್ಸ್ ಕೂರಿಸಲು ಡಿಫರೆನ್ಶಿಯಲ್, ಆಕ್ಸಲ್, ಪ್ರೊಪೆಲರ್ ಶಾಫ್ಟ್ ಎಲ್ಲ ಬದಲಿಸುವ ಬದಲು ಎಸ್‌ಟಿಐ ಕೊಳ್ಳುವುದೇ ಅಗ್ಗ ಬೀಳುವ ಸಂದರ್ಭಗಳಿವೆ.

ಭಾರದ ಪ್ರೆಶರ್ ಪ್ಲೇಟ್ ತುಳಿದಾಗೆಲ್ಲ ಆ ಬಲ ಕ್ರ್ಯಾಂಕನ್ನು ಅಕ್ಷದುದ್ದಕ್ಕೂ ತಳ್ಳುತ್ತದೆ ಅಥವಾ ಎಳೆಯುತ್ತದೆ, ತಡೆಯುವುದು ಥ್ರಸ್ಟ್ ಬೇರಿಂಗ್. ಸಿಗ್ನಲ್ಲಿನಲ್ಲಿ ಮೊದಲನೇ ಗೇರ್ ಹಾಕಿ ಪೆಡಲ್ ಒತ್ತಿಕೊಂಡೇ ಕಾಯುವ ಅಭ್ಯಾಸ ಇದ್ದರೆ ಬಿಡಿ. ನ್ಯೂಟ್ರಲ್ ಹಾಕಿ ಕಾಲು ತೆಗೆಯಿರಿ. 2006ರ ನಂತರದ 5 ಗೇರಿನ ಬಾಕ್ಸಿನಲ್ಲಿ ರಿಲೀಸ್ ಬೇರಿಂಗ್ ಜಾರುವ ಮೂತಿ ಸವೆದು ಗುಳಿ ಬೀಳುವುದುಂಟು, ಆಗ ಪೆಡಲ್ ತಡೆತಡೆದು ಇಳಿಯುತ್ತದೆ. ಬಾಕ್ಸ್ ಇಳಿಸಿದಾಗ ಅಲ್ಲಿ ಉಗುರು ಎಳೆದು ನೋಡಿ. ಗೆರೆ ತಗುಲಿದರೆ ಮೇಲೆ ಉಕ್ಕಿನ ತೋಳು ಕೂರಿಸುವ ರಿಪೇರಿ ಕಿಟ್ ಸಿಗುತ್ತದೆ. ಈಗ ಬಿಟ್ಟರೆ ಇನ್ನೊಂದು ವರ್ಷಕ್ಕೆ ಇಡೀ ಕೆಲಸ ಮತ್ತೆ.

ಕೂರಿಸುವಾಗ ಕೆಡುವುದು

ಅನುಭವಿ ಕೈಗೆ 6–8 ಗಂಟೆಯ ಕೆಲಸ. ಮೇಲಿನ ಇಂಟರ್‌ಕೂಲರ್, ಪಿಚ್ ಸ್ಟಾಪ್ (ಎಂಜಿನ್ ಅಲುಗದಂತೆ ಹಿಡಿಯುವ ಸರಳು), ಸ್ಟಾರ್ಟರ್, ಸ್ಲೇವ್ ಸಿಲಿಂಡರ್ (ಕ್ಲಚ್ ಫೋರ್ಕನ್ನು ತಳ್ಳುವುದು), ಡೌನ್‌ಪೈಪ್, ಪ್ರೊಪೆಲರ್ ಶಾಫ್ಟ್, ಮುಂದಿನ ಆಕ್ಸಲ್‌ಗಳು ಇಷ್ಟೂ ಹೊರಬರಬೇಕು. ಗೇರ್ ಆಯಿಲ್ ಸುಮಾರು 3.5 ಲೀಟರ್, 75ಡಬ್ಲ್ಯು-90 ಜಿಎಲ್-5, ಹೊಸದೇ ಹಾಕಿ. ಸ್ಲೇವ್ ಸಿಲಿಂಡರ್ ಹೊರಗೇ ಇದೆ, ಹಳೆಯದಾಗಿದ್ದರೆ ಇದೇ ಸಲ ಬದಲಿಸಿ. ಭಾರದ ಪೆಡಲ್ಲಿಗೆ ಹಳೆಯ ಸೀಲ್ ಬೇಗ ಸೋಲುತ್ತದೆ.

2002–05ರ ಗಾಡಿಯಲ್ಲಿ ಪ್ರೆಶರ್ ಪ್ಲೇಟಿನ ಬೆರಳುಗಳನ್ನು ಎಳೆದು ಬಿಡಿಸುವ ವ್ಯವಸ್ಥೆ, ನಂತರದ 2.5ರಲ್ಲಿ ಒತ್ತಿ ಬಿಡಿಸುವುದು. ಎರಡರ ಕಿಟ್ ಒಂದಕ್ಕೊಂದು ಆಗದು. ಎಳೆಯುವ ಜಾತಿಯಲ್ಲಿ ಬೇರಿಂಗ್ ಪ್ರೆಶರ್ ಪ್ಲೇಟಿಗೇ ಕಚ್ಚಿಕೊಂಡಿರುತ್ತದೆ. ಬಾಕ್ಸಿನ ಪಕ್ಕದ 10 ಮಿ.ಮೀ. ಅಲೆನ್ ಪ್ಲಗ್ ಬಿಚ್ಚಿ, ಒಳಗಿನ ಫೋರ್ಕ್ ಶಾಫ್ಟಿಗೆ 6 ಮಿ.ಮೀ. ಬೋಲ್ಟ್ ತಿರುಗಿಸಿ ಎಳೆದು ತೆಗೆದರೆ ಮಾತ್ರ ಬಾಕ್ಸ್ ಬಿಡುತ್ತದೆ. ಇದು ಗೊತ್ತಿಲ್ಲದೆ ಸಬ್ಬಲ್ ಹಾಕಿ ಮೀಟಿ ಫೋರ್ಕ್ ಮುರಿಯುವುದು ಮೊದಲ ಸಲ ಮಾಡುವವರ ಮಾಮೂಲಿ ಅನಾಹುತ.

ಫ್ಲೈವೀಲ್ ಬೋಲ್ಟ್‌ಗಳಿಗೆ 72 ನ್ಯೂಟನ್ ಮೀಟರ್. ಪ್ರೆಶರ್ ಪ್ಲೇಟಿನದಕ್ಕೆ ಸುಮಾರು 16, ಎದುರುಬದುರಾಗಿ, ಒಂದೊಂದು ಸುತ್ತಿನಂತೆ. ಒಂದೇ ಕಡೆ ಬಿಗಿಯುತ್ತ ಹೋದರೆ ಕವರ್ ಸೊಟ್ಟಗಾಗಿ ಮುಂದೆ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಯಾವುದು ಅಂತ ಬರೆದಿರುತ್ತದೆ. ತಿರುವಿ ಹಾಕಿದರೆ ಹಬ್ಬಿನ ಸ್ಪ್ರಿಂಗ್ ಫ್ಲೈವೀಲ್ ಬೋಲ್ಟಿಗೆ ತಗುಲಿ ಕ್ಲಚ್ ಬಿಡಿಸಿಕೊಳ್ಳುವುದೇ ಇಲ್ಲ. ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ತಡೆಯುವ ಎಣ್ಣೆ ಸವರಿರುತ್ತಾರೆ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಸ್ಪ್ಲೈನಿಗೆ (ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಿಗೆ) ಗ್ರೀಸ್ ಕಾಡಿಗೆಯಷ್ಟು ತೆಳ್ಳಗೆ ಸಾಕು. ಹೆಚ್ಚಾದದ್ದು ಸಿಡಿದು ಲೈನಿಂಗಿಗೇ ಬೀಳುತ್ತದೆ. ಬಾಕ್ಸ್ ಕೊನೆಯ ಸೆಂಟಿಮೀಟರ್ ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಅಲೈನ್‌ಮೆಂಟ್ ತಪ್ಪಿದೆ, ಬಲ ಹಾಕಿದರೆ ಪ್ಲೇಟಿನ ಹಬ್ ಬಾಗುತ್ತದೆ.

ಪಳಗಿಸುವುದು

ಆರ್ಗ್ಯಾನಿಕ್‌ಗೆ 800 ಕಿ.ಮೀ. ಪೇಟೆಯ ಓಡಾಟ. ಹೈವೇಯಲ್ಲಿ ಒಂದೇ ದಿನ ಲಾಸ್ ಏಂಜಲೀಸಿಗೆ ಹೋಗಿಬಂದರೆ ಅದು ಲೆಕ್ಕಕ್ಕಿಲ್ಲ. ಬೇಕಾದ್ದು ಎಷ್ಟು ಸಲ ಕ್ಲಚ್ ಕಚ್ಚಿತು ಅನ್ನುವುದು. ಅಲ್ಲಿಯವರೆಗೆ ಪೂರ್ತಿ ಬೂಸ್ಟ್ ಇಲ್ಲ, ಲಾಂಚ್ ಇಲ್ಲ. ಪಳಗಿದ ಮೇಲೂ ಲಾಂಚಿನ ಬೆಲೆ ನೆನಪಿರಲಿ: ಕ್ಲಚ್ಚಿನಲ್ಲಿ ಹುಟ್ಟುವ ಶಾಖ, ಅದು ಪೂರ್ತಿ ಕಚ್ಚುವ ಹೊತ್ತಿಗೆ ಗಾಡಿ ಪಡೆದ ಚಲನಶಕ್ತಿಯಷ್ಟೇ ಇರುತ್ತದೆ. ಗಂಟೆಗೆ 5 ಕಿ.ಮೀ.ಗೆ ತೆವಳಿದ್ದಕ್ಕೆ ಹೋಲಿಸಿದರೆ 32 ಕಿ.ಮೀ.ನಲ್ಲಿ ಕಚ್ಚಿದ ಒಂದು ಲಾಂಚ್ 40 ಪಟ್ಟು.

ಯಾರಿಗೆ ಯಾವುದು?

ಸ್ಟಾಕ್ ಗಾಡಿಗೆ ಕಂಪನಿ ಕ್ಲಚ್. ಟ್ಯೂನ್, ಡೌನ್‌ಪೈಪ್ ಆಗಿ ದಿನಾ ಆಫೀಸಿಗೆ ಹೋಗುವ ಗಾಡಿಗೆ ಗಟ್ಟಿ ಪ್ರೆಶರ್ ಪ್ಲೇಟಿನ ಆರ್ಗ್ಯಾನಿಕ್, ಸ್ಪ್ರಿಂಗ್ ಹಬ್, ತೀರಾ ಹಗುರಲ್ಲದ ಉಕ್ಕಿನ ಸಿಂಗಲ್ ಮಾಸ್ ಫ್ಲೈವೀಲ್. ತಿಂಗಳಿಗೆ ಎರಡು ಸಲ ಟ್ರ್ಯಾಕಿಗೆ ಹೋಗಿ, ಆಫೀಸಿಗೆ ಬೇರೆ ಗಾಡಿ ಇದ್ದರೆ ಮಾತ್ರ ಸೆರಾಮಿಕ್. ಮನೆಯಲ್ಲಿ ಇನ್ನೊಬ್ಬರೂ ಇದೇ ಗಾಡಿ ಓಡಿಸುವುದಾದರೆ ಕೊಳ್ಳುವ ಮೊದಲು ಅಂಥದ್ದೇ ಕ್ಲಚ್ ಇರುವ ಯಾರದಾದರೂ ಗಾಡಿಯಲ್ಲಿ ಅವರನ್ನೂ ಕೂರಿಸಿ, ಸಂಜೆ ಆರು ಗಂಟೆಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಓಡಿಸಲು ಹೇಳಿ. ಖಾಲಿ ರಸ್ತೆಯಲ್ಲಿ ನೋಡಿದರೆ ಎಲ್ಲ ಕ್ಲಚ್ಚೂ ಚೆನ್ನಾಗಿಯೇ ಇರುತ್ತದೆ.